ಎರಡು ಮಳೆಗಾಲ ಕಂಡ ಮೈಕು

ಈ ಯುಎಸ್‌ಬಿ ಕಂಡೆನ್ಸರ್ ಮೈಕ್ ಕೊಂಡು ಎರಡು ವರ್ಷ ಆಯಿತು. ಕೊಟ್ಟದ್ದು 4,800 ರೂಪಾಯಿ. ಸ್ಪೆಸಿಫಿಕೇಷನ್ ಎಲ್ಲ ನೀವು ಆಗಲೇ ನೋಡಿರುತ್ತೀರಿ, ಬಿಡಿ. ನಾನು ಬರೆಯುತ್ತಿರುವುದು ಡಬ್ಬದ ಮೇಲೆ ಎಲ್ಲೂ ಇಲ್ಲದ ವಿಷಯ: ಇದಕ್ಕೆ ಕೊಡಗಿನ ಮಳೆ ಆಗುವುದಿಲ್ಲ.

ನನ್ನ ಹುಚ್ಚು ಏನೆಂದರೆ, ಎಲ್ಲರ ಬಾಯಲ್ಲೂ ಇರುವ ಹಾಡನ್ನು ಎತ್ತಿಕೊಂಡು ಅದಕ್ಕೆ ಸಂಬಂಧವೇ ಇಲ್ಲದ ಧಾಟಿಯಲ್ಲಿ ಹಾಡುವುದು. ಕುಣಿತದ ಹಾಡನ್ನು ಜೋಗುಳ ಮಾಡುತ್ತೇನೆ. 1983ರ ‘ಪಲ್ಲವಿ ಅನುಪಲ್ಲವಿ’ಯ ‘ನಗುವ ನಯನ’ವನ್ನು, ಡಮರುವಿನಂಥ ನಮ್ಮ ಕೊಡಗಿನ ದುಡಿ ಬಡಿದು, ಸುಗ್ಗಿ ಹಬ್ಬ ಹುತ್ತರಿಯ ಹಾಡಿನ ಹಾಗೆ ಹಾಡಿದ್ದೇನೆ. ಇಳಯರಾಜಾ ಅವರ ಅಷ್ಟು ಮೆತ್ತಗಿನ ಟ್ಯೂನು, ದುಡಿ ಸೇರಿದ ಕೂಡಲೇ ಹಬ್ಬಕ್ಕೆ ಊರೆಲ್ಲ ಸೇರಿ ಕುಣಿಯುವ ಬಯಲು, ಅಂದರೆ ಊರ ಮಂದ್‌ಗೆ ಬಂದು ನಿಲ್ಲುತ್ತದೆ. ನಾಲ್ಕು ಜನ ದುಡಿ ಹಿಡಿದು ಹಾಡಬೇಕಾದದ್ದನ್ನು ನಾನೊಬ್ಬನೇ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಟ್ರ್ಯಾಕ್ ಹಾಕಿ ಹಾಡುತ್ತೇನೆ. ಮನೆಯವರು ಈಗ ನಗುವುದನ್ನೂ ಬಿಟ್ಟಿದ್ದಾರೆ.

ಕೊಂಡದ್ದು ಹುತ್ತರಿ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ. ಮೊದಲ ಮೂರು ತಿಂಗಳು ಸ್ವರ್ಗ. ಕಾಫಿ ಮೂಟೆ ಪೇರಿಸಿದ ಕೋಣೆಯೇ ಸ್ಟುಡಿಯೋ. ಗೋಣಿಚೀಲದ ನಡುವೆ ಕೂತರೆ ಒಂದಿಷ್ಟೂ ಪ್ರತಿಧ್ವನಿ ಇಲ್ಲ, ದುಡ್ಡು ಕೊಟ್ಟು ಫೋಮ್ ಅಂಟಿಸುವ ಕೆಲಸವೇ ಇಲ್ಲ. ಅಪ್ಪ ಒಳ್ಳೆಯ ರೇಟು ಬಂತೆಂದು ಮೂಟೆ ಮಾರಿದ ದಿನ ಮಾತ್ರ ನನಗೆ ಬೇಜಾರಾಯಿತು.

ಜೂನ್ ಬಂತು. ಎರಡನೇ ವಾರಕ್ಕೆ ಹೆಡ್‌ಫೋನ್‌ನಲ್ಲಿ ಚರಚರ, ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ. ಹೆಂಚಿನ ಮೇಲಿನ ಮಳೆ ಅಂದುಕೊಂಡೆ. ಮಳೆ ನಿಂತರೂ ಸದ್ದು ನಿಲ್ಲಲಿಲ್ಲ. ಇಂಥ ಮೈಕಿನೊಳಗೆ ಒಂದು ತೆಳು ಪೊರೆ, ಅದರ ಹಿಂದೆ ಒಂದು ತಟ್ಟೆ, ನಡುವೆ ವಿದ್ಯುತ್ ಚಾರ್ಜ್ ಇರುತ್ತದೆ. ಥಂಡಿ ಹಿಡಿದರೆ ಆ ಚಾರ್ಜ್ ಅಲ್ಲಲ್ಲಿ ಸೋರುತ್ತದೆ. ಸೋರಿದಾಗಲೆಲ್ಲ ಚರ್ ಅನ್ನುತ್ತದೆ.

ಸರ್ವಿಸ್ ಸೆಂಟರ್‌ಗೆ ಕಳಿಸಿದೆ. "ನೀರು ಬಿದ್ದಿದೆ, ವಾರಂಟಿ ಬರೋದಿಲ್ಲ" ಅಂದರು. ಒಂದು ಹನಿ ಬಿದ್ದಿಲ್ಲ ಸ್ವಾಮಿ! ನಮ್ಮ ಕಡೆ ಸೆಪ್ಟೆಂಬರ್ ತನಕ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಹಾಗಂತ ಎಲ್ಲದರ ಮೇಲೂ ನೀರು ಸುರಿದಿದ್ದೇವಾ? ಹೋದ ಹಾಗೆಯೇ ವಾಪಸ್ ಬಂತು, ಕೊರಿಯರ್ ಖರ್ಚು ನನ್ನದು.

ಅಂದಿನಿಂದ ಅದಕ್ಕೊಂದು ಬಾಣಂತನ ನಡೆಯುತ್ತಿದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ತಳದಲ್ಲಿ ಬಟ್ಟೆಗಂಟು ಕಟ್ಟಿದ, ತೇವ ಹೀರುವ ಸಿಲಿಕಾ ಜೆಲ್ ಹರಳು, ಮೇಲೆ ಮೈಕು. ಒಣಗಿದ್ದಾಗ ಹರಳು ನೀಲಿ, ನೀರು ಕುಡಿದಾಗ ಗುಲಾಬಿ. ನಡುವೆ ಒಂದು ದಿನ ಸರಿಯಾಗಿ, ನಮ್ಮಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡುವ ಮದ್ದು ಪಾಯಸದ ನೇರಳೆ ಬಣ್ಣಕ್ಕೆ ಬರುತ್ತದೆ. ಆಗಲೇ ತೆಗೆದು, ಇದಕ್ಕೆಂದೇ ಇಟ್ಟ ಹಳೆ ತವಾದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಅಡುಗೆ ತವಾ ಮುಟ್ಟಬೇಡಿ, ಆ ನೀಲಿ ಬಣ್ಣ ವಿಷ. ಹಾಡಿ ಮುಗಿದ ತಕ್ಷಣ ಮೈಕು ಮತ್ತೆ ಡಬ್ಬದೊಳಗೆ. ಮಳೆಗಾಲದಲ್ಲಿ ನಲವತ್ತು ನಿಮಿಷಕ್ಕಿಂತ ಜಾಸ್ತಿ ಹೊರಗಿಡುವುದಿಲ್ಲ.

ಹೋದ ವರ್ಷ ಆಗಸ್ಟ್‌ನಲ್ಲಿ ಸಿಟ್ಟು ಬಂದು ಮಾರಲು ಹೊರಟಿದ್ದೆ. ಅವತ್ತು ದುಡಿ ತೆಗೆದರೆ ಅದೂ ಮಂಕು. ಚರ್ಮ ಸಡಿಲಾಗಿ ದಬ್ ದಬ್ ಅನ್ನುತ್ತಿತ್ತು. ಒಲೆ ಮುಂದೆ ಹಿಡಿದು ಬಿಸಿ ಮಾಡುತ್ತಾ ಕೂತಾಗ ನಗು ಬಂತು. ಇದಕ್ಕೂ ಅದಕ್ಕೂ ಒಂದೇ ಕಾಯಿಲೆ. ದುಡಿಯನ್ನು ಬೈದವರು ಯಾರೂ ಇಲ್ಲ ಅಲ್ವಾ? ಮಾರಲಿಲ್ಲ.

ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ದುಡಿ ಬರೀ ಟಕ್ ಟಕ್. ಇದರಲ್ಲಿ ಕೋಲು ಚರ್ಮಕ್ಕೆ ತಾಗುವುದು ಬೇರೆ, ಎಡಗೈ ಹಗ್ಗ ಹಿಂಡಿದಾಗ ಸ್ವರ ಏರುವುದು ಬೇರೆಯಾಗಿ ಕೇಳುತ್ತದೆ.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಸುಮ್ನೆ ಕೊಳ್ಳಿ. ನಮ್ಮ ಕೊಡಗಿನ ನಾಪೋಕ್ಲು, ಭಾಗಮಂಡಲ ಕಡೆಯವರಾಗಿದ್ದು ಬಜೆಟ್ ಇಷ್ಟೇ ಆದರೆ ಡೈನಾಮಿಕ್ ಮೈಕ್ ನೋಡಿ. ಅದರಲ್ಲಿ ಈ ಚಾರ್ಜಿನ ರಗಳೆ ಇಲ್ಲ. ನಾನು ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಡಿಸೆಂಬರ್‌ನಲ್ಲಿ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಈಗ ಹರಳು ಗುಲಾಬಿಯಾಗಿದೆ, ತವಾ ಇಡಬೇಕು.