ರೆಟಿನಾ ಫೋಟೋನಾ, ಓಸಿಟಿ ಸ್ಕ್ಯಾನಾ?

ಎರಡೂ ನೋಡುವುದು ಕಣ್ಣಿನ ಹಿಂಭಾಗದ ರೆಟಿನಾವನ್ನೇ. ನೋಡುವ ರೀತಿ ಮಾತ್ರ ಬೇರೆ.

ರೆಟಿನಾ ಫೋಟೋ (ಫಂಡಸ್ ಫೋಟೋ ಅಂತಲೂ ಕರೆಯುತ್ತಾರೆ) ರೆಟಿನಾವನ್ನು ಎದುರಿನಿಂದ ತೋರಿಸುತ್ತದೆ. ಸಾಮಾನ್ಯ ಕ್ಯಾಮೆರಾ ಸುಮಾರು 45 ಡಿಗ್ರಿ ಹಿಡಿದರೆ, ಅಲ್ಟ್ರಾ ವೈಡ್‌ಫೀಲ್ಡ್ ಯಂತ್ರ 200 ಡಿಗ್ರಿವರೆಗೂ ಹಿಡಿಯುತ್ತದೆ. ಶುಗರ್ ಇರುವವರ ರೆಟಿನಾದಲ್ಲಿ ಮೊದಮೊದಲು ಮೂಡುವ ಪುಟ್ಟ ಕೆಂಪು ಚುಕ್ಕೆಗಳನ್ನು ಹುಡುಕಲು ಇದು ಒಳ್ಳೆಯದು.

ಓಸಿಟಿ ಬೆಳಕಿನಿಂದಲೇ ರೆಟಿನಾದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುತ್ತದೆ. ಎಕ್ಸ್‌ರೇ ಇಲ್ಲ, ನೋವಿಲ್ಲ. ಯಂತ್ರದ ಮೇಲೆ ಗದ್ದ ಊರಿ, ಒಳಗಿನ ಗುರುತನ್ನೇ ದಿಟ್ಟಿಸಿದರೆ ಕೆಲವೇ ಸೆಕೆಂಡು. ಸುಮಾರು 5 ಮೈಕ್ರಾನ್‌ನಷ್ಟು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ) ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಗ್ಲಾಕೋಮಾದಲ್ಲಿ (ಕಣ್ಣಿನ ನರ ಹಾಳಾಗುವ ಕಾಯಿಲೆ) ನರದ ಪದರ ತೆಳುವಾಗುವುದು ಎಷ್ಟೋ ಸಲ ನಮಗೆ ದೃಷ್ಟಿ ಕುಂದಿದ್ದು ಗೊತ್ತಾಗುವ ಮೊದಲೇ ಇದರಲ್ಲಿ ಸಿಕ್ಕಿಬಿಡುತ್ತದೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿದ್ದರೂ ಅಷ್ಟೇ. ಆದರೆ ಅಂಚಿನ ಭಾಗ ಇದಕ್ಕೆ ಅಷ್ಟಾಗಿ ಸಿಗುವುದಿಲ್ಲ.

ಶುಗರ್ ಇದ್ದರೆ ಫೋಟೋದಿಂದ ಶುರು ಮಾಡಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ನೇರ ಗೆರೆ ಸೊಟ್ಟಗೆ ಕಾಣುತ್ತಿದ್ದರೆ ಓಸಿಟಿ ಬಿಡಬೇಡಿ. ಜಾಸ್ತಿ ಮೈನಸ್ ಪವರ್ ಇರುವವರಿಗೆ ಡ್ರಾಪ್ಸ್ ಹಾಕಿ ಅಂಚಿನವರೆಗೆ ನೋಡುವ ಪರೀಕ್ಷೆಯೂ ಬೇಕು. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆ ಕಂಡರೆ ಸ್ಕ್ಯಾನ್ ಆರಿಸುತ್ತಾ ಕೂರಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.