ತೂತು ಕೊರೆಯಿರಿ ಅಂದವರೇ, ತೂತಿದೆ ಅಂತ ಚೂಟ್ ವಾಪಸ್ ತಗೊಳ್ಳಲಿಲ್ಲ

ಸ್ನೋ ಬ್ಲೋವರ್, ಅಂದರೆ ಬಿದ್ದ ಹಿಮ ತೆಗೆಯುವ ಯಂತ್ರ, ಇರುವವರು ದಯವಿಟ್ಟು ಇದನ್ನು ಕೊನೆವರೆಗೂ ಓದಿ. ತರಿಸಿದ ಹೊಸ ಚೂಟ್ (ಹಿಮವನ್ನು ಹೊರಗೆ ಎಸೆಯುವ ಕೊಳವೆ) ಸರಿಯಾಗಿ ಕೂರದಿದ್ದರೆ ಅದಕ್ಕೆ ಡ್ರಿಲ್ ಹಾಕಬೇಡಿ. ಮಾರಿದವರೇ ಫೋನಿನಲ್ಲಿ ಹೇಳಿದರೂ ಹಾಕಬೇಡಿ. ನಾನು ಹಾಕಿದೆ. ಅವರು ಹೇಳಿದರು ಅಂತಲೇ ಹಾಕಿದೆ. ದುಡ್ಡೂ ಹೋಯಿತು, ಚೂಟೂ ಕೆಲಸಕ್ಕೆ ಬರಲಿಲ್ಲ, ಮೇಲಿಂದ ‘ತಪ್ಪು ನಿಮ್ಮದೇ ಮೇಡಂ’ ಅಂತ ಬೇರೆ ಕೇಳಿಸಿಕೊಂಡೆ.

ನನ್ನದು ಎರಡು ಹಂತದ ಯಂತ್ರ. ಮುಂದಿನ ಆಗರ್, ಅಂದರೆ ಸುರುಳಿ ಅಲಗು, ನಿಧಾನಕ್ಕೆ ತಿರುಗುತ್ತಾ ಹಿಮವನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಹಿಂದಿನ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ಚಕ್ರ, ಜೋರಾಗಿ ತಿರುಗಿ ಅದನ್ನು ಚೂಟ್ ಮೂಲಕ ದೂರಕ್ಕೆ ಎಸೆಯುತ್ತದೆ. ಇಟ್ಟುಕೊಂಡವರಿಗೆ ಗೊತ್ತೇ ಇದೆ. ಯಂತ್ರಕ್ಕೆ 11 ವರ್ಷ. ಎಂಜಿನ್ ಈಗಲೂ ಮೊದಲ ಎಳೆತಕ್ಕೇ ಸ್ಟಾರ್ಟ್ ಆಗುತ್ತದೆ. ಹಾಳಾಗಿದ್ದು ಚೂಟ್ ಒಂದೇ. ಕಬ್ಬಿಣದ ತಗಡಿನ ಚೂಟ್ ಅದು. ರಸ್ತೆಗೆ ಹಾಕುವ ಉಪ್ಪು ಹಿಮದ ಜೊತೆ ಒಳಗೆ ಹೋಗಿ ಹೋಗಿ ಬುಡದ ಬಳೆಯ ಸುತ್ತ ತುಕ್ಕು ಹಿಡಿದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒಣ ಎಲೆ ಥರ ಉದುರುತ್ತಿತ್ತು. ವೆಲ್ಡಿಂಗ್ ಮಾಡಿಸೋಣ ಅಂದರೆ ಬೆಸುಗೆ ಹಿಡಿಯುವಷ್ಟು ಗಟ್ಟಿ ತಗಡೇ ಉಳಿದಿರಲಿಲ್ಲ.

ಚಳಿಗಾಲ ಶುರುವಾಗುವ ಮುಂಚೆಯೇ ಹೊಸದು ಹಾಕಿಬಿಡೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ಕಡೆ ನನ್ನ ಮಾಡೆಲ್ ನಂಬರ್ ಹಾಕಿದ ತಕ್ಷಣ ಹಸಿರು ಟಿಕ್ ಬಂತು. ‘ನಿಮ್ಮ ಯಂತ್ರಕ್ಕೆ ಹೊಂದುತ್ತದೆ.’ ಫೋಟೋದಲ್ಲಿ ನೋಡಿದರೆ ನಮ್ಮ ಹಳೆಯದೇ ಕಂಡ ಹಾಗಿತ್ತು. ಸೀರಿಯಲ್ ನಂಬರ್ ಎಲ್ಲೂ ಕೇಳಲಿಲ್ಲ. ಈ ಮಾತು ನೆನಪಿಡಿ, ಆಮೇಲೆ ಬರುತ್ತದೆ.

ನಮ್ಮ ಮನೆಯವರು ಅಂದರು, ‘ಒಂದ್ಸಲ ಟೇಪ್ ಹಿಡಿದು ಅಳತೆ ನೋಡು, ಹಳೆಯದು ಹೇಗೂ ಇಲ್ಲೇ ಇದೆಯಲ್ಲ.’ ಹಸಿರು ಟಿಕ್ ಬಂದಿದೆಯಲ್ಲ, ಇನ್ನೇನು ಅಳತೆ ಅಂದೆ ನಾನು. ಈಗ ಅವರ ಮುಖ ನೋಡೋಕೆ ನಾಚಿಕೆ ಆಗುತ್ತದೆ. ಅವರು ಒಂದು ಮಾತೂ ಆಡಲಿಲ್ಲ, ಅದಕ್ಕೇ ಇನ್ನೂ ಜಾಸ್ತಿ ನಾಚಿಕೆ.

ಪೆಟ್ಟಿಗೆ ಬಂತು. ಅಂದೇ ಬಿಚ್ಚಲಿಲ್ಲ. ಕೆಲಸ ಇತ್ತು, ಹಿಮ ಇನ್ನೂ ದೂರ ಇತ್ತು. ಎರಡು ವಾರ ಗ್ಯಾರೇಜಲ್ಲಿ ಹಾಗೇ ಬಿದ್ದಿತ್ತು. ವಾಪಸ್ ಕೊಡೋಕೆ 30 ದಿನ ಅಂತ ಬರೆದಿತ್ತು, ಆ ಲೆಕ್ಕ ಪೆಟ್ಟಿಗೆ ಮನೆಗೆ ಬಂದ ದಿನದಿಂದಲೇ ಶುರು. ನಾವು ಬಿಚ್ಚಿದ ದಿನದಿಂದ ಅಲ್ಲ.

ಒಂದು ಭಾನುವಾರ ಕೂತೆ. ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದಿರಲಿ ಅಂತ ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಟ್ಟೆ. ಹಳೆ ಚೂಟ್ ಬಿಚ್ಚೋದು ಕಷ್ಟವೇನಲ್ಲ. ಬುಡದ ಬಳೆಯ ಕೆಳಗೆ ಮೂರು ಕ್ಲಿಪ್ ಇರುತ್ತವೆ, ಅವು ಹೌಸಿಂಗ್ (ಇಂಪೆಲ್ಲರ್ ಸುತ್ತಲಿನ ಕವಚ) ಮೇಲಿನ ಕಾಲರ್‌ನ, ಅಂದರೆ ಚೂಟ್ ಕೂರುವ ಕತ್ತಿನ, ಅಂಚನ್ನು ಕೆಳಗಿಂದ ಹಿಡಿದುಕೊಂಡಿರುತ್ತವೆ. ಹಾಗಾಗಿಯೇ ಚೂಟ್ ಕಳಚಿಕೊಳ್ಳದೆ ಸುತ್ತ ತಿರುಗುತ್ತದೆ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಎರಡು ಸಲೀಸಾಗಿ ಬಂದವು, ಮೂರನೆಯದನ್ನು ಗರಗಸದಲ್ಲಿ ಕತ್ತರಿಸಬೇಕಾಯಿತು. ಮೇಲಿನ ಡಿಫ್ಲೆಕ್ಟರ್ (ಹಿಮ ಎಷ್ಟು ದೂರ ಬೀಳಬೇಕು ಅಂತ ಬಾಗಿಸುವ ಮುಚ್ಚಳ) ಕೇಬಲ್ ಬಿಡಿಸಿದೆ. ಹಳೆ ಚೂಟ್ ಕೈಗೆ ಬಂತು.

ಹೊಸದನ್ನು ಕಾಲರ್ ಮೇಲೆ ಇಟ್ಟೆ. ಅಲುಗಾಡಿತು. ಇನ್ನೊಮ್ಮೆ ಎತ್ತಿ ಇಟ್ಟೆ. ಆಗಲೂ ಅಲುಗಾಡಿತು. ಕ್ಲಿಪ್ ಹಾಕಿ ನೋಡಿದರೆ ಅದರ ನಾಲಿಗೆ ಕಾಲರ್‌ನ ಅಂಚಿಗೆ ಮುಟ್ಟುತ್ತಲೇ ಇಲ್ಲ. ಆಗ ಟೇಪ್ ತಂದೆ. ಹಳೆಯದಕ್ಕಿಂತ ಹೊಸದರ ಬಳೆ ಅಡ್ಡಕ್ಕೆ 12 ಮಿ.ಮೀ. ದೊಡ್ಡದು. ಅಂದರೆ ಪ್ರತಿ ಪಕ್ಕಕ್ಕೆ 6 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಪಕ್ಕಪಕ್ಕ ಇಟ್ಟರೂ ಗೊತ್ತಾಗಲ್ಲ, ಒಂದರ ಮೇಲೊಂದು ಇಟ್ಟರೆ ಮಾತ್ರ ಗೊತ್ತಾಗುತ್ತದೆ.

ಸೋಮವಾರ ಚಾಟ್‌ನಲ್ಲಿ ಬರೆದೆ. ಫೋಟೋ ಕಳಿಸಿ ಅಂದರು. ಕಳಿಸಿದೆ. ಎರಡು ದಿನ ಬಿಟ್ಟು, ಇನ್ನೊಂದು ಕಡೆಯಿಂದ ತೆಗೆದು ಕಳಿಸಿ ಅಂದರು. ಕಳಿಸಿದೆ. ಮತ್ತೆರಡು ದಿನ ಬಿಟ್ಟು, ಅಳತೆ ಕಾಣುವ ಹಾಗೆ ಟೇಪ್ ಇಟ್ಟು ತೆಗೆಯಿರಿ ಅಂದರು. ಅದನ್ನೂ ಕಳಿಸಿದೆ. ಆಮೇಲೆ, ‘ನಮ್ಮ ಟೆಕ್ನಿಶಿಯನ್ ನಿಮಗೆ ಫೋನ್ ಮಾಡುತ್ತಾರೆ.’ ಬರೆದು ಕಳಿಸುತ್ತಾರೆ ಅಲ್ಲ, ಫೋನ್ ಮಾಡುತ್ತಾರೆ. ಅದು ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಫೋನ್ ಮಾಡಿದವರ ಮೊದಲ ಮಾತು, ‘ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ ಮೇಡಂ?’ ಯಂತ್ರ ನನ್ನದು, ಬಿಚ್ಚಿದವಳೂ ನಾನೇ, ನನಗೇ ಹೇಳಿ ಅಂದೆ. ಆಮೇಲೆ ತುಂಬಾ ನಯವಾಗಿ ಮಾತಾಡಿದರು. ‘ಇದು ಎಲ್ಲರಿಗೂ ಆಗುತ್ತೆ ಮೇಡಂ, ಹೊಸ ಪಾರ್ಟ್ ಸ್ವಲ್ಪ ಹೀಗೇ ಇರುತ್ತೆ. ಬಳೆಯಲ್ಲಿ ಈಗಿರೋ ತೂತಿಗಿಂತ ಒಳಗಡೆಗೆ ಮೂರು ಹೊಸ ತೂತು ಕೊರೆಯಿರಿ. ಕ್ಲಿಪ್ ಒಳಗೆ ಬರುತ್ತೆ, ಗಟ್ಟಿಯಾಗಿ ಹಿಡಿಯುತ್ತೆ. ಹತ್ತು ನಿಮಿಷದ ಕೆಲಸ.’ ನಾನು ಕೇಳಿದೆ. ನೇರವಾಗಿ ಕೇಳಿದೆ. ತೂತು ಕೊರೆದ ಮೇಲೆ ಕೂರಲಿಲ್ಲ ಅಂದರೆ ವಾಪಸ್ ತಗೊಳ್ತೀರಾ? ‘ಖಂಡಿತ ಮೇಡಂ, ನಾವೇ ಹೇಳಿದ ಮೇಲೆ ಇನ್ನೇನು.’

ನಾವೇ ಹೇಳಿದ ಮೇಲೆ ಇನ್ನೇನು. ಈ ಮಾತು ಇನ್ನೂ ಕಿವಿಯಲ್ಲಿದೆ.

ಇನ್ನೊಂದು ಹೇಳಲೇಬೇಕು. ಅದೇ ಫೋನಿನಲ್ಲಿ ಅವರು, ‘ಕಾಲರ್ ಒಳಗೆ ಕೈ ಹಾಕಿ ಬಳೆ ಸಮ ಕೂತಿದೆಯಾ ನೋಡಿ’ ಅಂದರು. ಪ್ಲಗ್ ವೈರ್ ತೆಗೆದಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ! ಆ ಕಾಲರ್ ಕೆಳಗೇ ಇಂಪೆಲ್ಲರ್ ಇರೋದು. ಹಿಮ ಕಟ್ಟಿಕೊಂಡಿದ್ದರೆ ಎಂಜಿನ್ ನಿಲ್ಲಿಸಿದ ಮೇಲೂ ಅದರಲ್ಲಿ ಬಿಗಿ ಉಳಿದಿರುತ್ತದೆ, ಕಟ್ಟಿದ್ದು ಬಿಟ್ಟುಕೊಂಡ ಕೂಡಲೇ ಗಕ್ಕನೆ ತಿರುಗುತ್ತದೆ. ಹೀಗೆ ಬೆರಳು ಕಳೆದುಕೊಂಡವರು ಎಷ್ಟೋ ಜನ. ಅದಕ್ಕೇ ಯಂತ್ರದ ಜೊತೆ ಚೂಟ್ ಬಿಡಿಸುವ ಕೋಲು ಕೊಟ್ಟಿರುತ್ತಾರೆ. ಟೆಕ್ನಿಶಿಯನ್ ಅಂತ ಹೇಳಿಕೊಳ್ಳುವವರಿಗೆ ಇಷ್ಟೂ ಗೊತ್ತಿರಬೇಡವೇ? ನಾನು ವೈರ್ ತೆಗೆದಿಟ್ಟಿದ್ದೆ, ಹಿಮವೂ ಕಟ್ಟಿರಲಿಲ್ಲ, ಬಚಾವಾದೆ. ಗೊತ್ತಿಲ್ಲದ ಬೇರೆಯವರು ಇದೇ ಮಾತು ಕೇಳಿ ಕೈ ಹಾಕಿದ್ದರೆ?

ಸರಿ, ಕೊರೆದೆ. ಹಳೆ ಪೇಪರ್ ಹಾಸಿ, ಚೂಟನ್ನು ಬೋರಲು ಹಾಕಿ, ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಪಂಚ್ ಇಟ್ಟು ಒಂದೊಂದು ಏಟು ಹೊಡೆದೆ. ಮೊದಲ ತೂತಿಗೆ ಡ್ರಿಲ್ ಒತ್ತುವಾಗ ಹೊಸ ಕಪ್ಪು ಬಣ್ಣ ಚಕ್ಕೆ ಎದ್ದು, ಕೆಳಗಿನ ಬಿಳಿ ಲೋಹ ಕಂಡಿತು. ಸಣ್ಣ ಸುರುಳಿ ಪೇಪರ್ ಮೇಲೆ ಬಿತ್ತು. ಆ ಕ್ಷಣಕ್ಕೆ ಮನಸ್ಸು ಬೇಡ ಅಂದಿತ್ತು. ನಿಜವಾಗಿ ಹೇಳುತ್ತೇನೆ, ಡ್ರಿಲ್ ನಿಲ್ಲಿಸಿ ಒಂದು ನಿಮಿಷ ಸುಮ್ನೆ ಕೂತೆ. ಅವರೇ ಹೇಳಿದ್ದಾರಲ್ಲ ಅಂತ ಮುಂದುವರಿಸಿದೆ.

ಕ್ಲಿಪ್ ಈಗ ಅಂಚನ್ನು ಹಿಡಿಯಿತು. ಆದರೆ ಚೂಟ್ ತಿರುಗಿಸೋಕೆ ಕ್ರ್ಯಾಂಕ್ ಕಡ್ಡಿಯ ತುದಿಯಲ್ಲಿ ಸುರುಳಿ ಇರುತ್ತದೆಯಲ್ಲ, ಬಳೆಯ ಹಲ್ಲಿಗೆ ಕಚ್ಚಿಕೊಳ್ಳೋದು, ಅದು ಒತ್ತಿ ಹಿಡಿದು ಅಲುಗಾಡದೇ ಹೋಯಿತು. ಬಳೆ 6 ಮಿ.ಮೀ. ಹೊರಗೆ ಬಂದಿದೆ, ಇನ್ನೇನಾಗುತ್ತದೆ? ಮತ್ತೆ ಫೋನ್. ‘ಬ್ರಾಕೆಟ್ ಸ್ವಲ್ಪ ಹಿಂದಕ್ಕೆ ಸರಿಸಿ ಮೇಡಂ.’ ಸರಿಸಿದೆ. ತಿರುಗಿತು, ಆದರೆ ನಾಲ್ಕೈದು ಹಲ್ಲಿಗೊಮ್ಮೆ ಕಟಕ್ ಅಂತ ಜಿಗಿಯುತ್ತದೆ. ಎಣಿಸಿ ನೋಡಿದೆ, ಹಲ್ಲಿನ ನಡುವಿನ ಅಂತರವೇ ಬೇರೆ. ‘ಓಡಿಸ್ತಾ ಓಡಿಸ್ತಾ ಸವೆದು ಸರಿಯಾಗುತ್ತೆ ಮೇಡಂ.’ ಹಲ್ಲು ಸವೆದು ಸರಿಯಾಗುತ್ತದಂತೆ!

ಅಷ್ಟರಲ್ಲಿ ಮೊದಲ ದೊಡ್ಡ ಹಿಮ ಬಿತ್ತು. ಒದ್ದೆ ಹಿಮ, ಭಾರ. ಬೇರೆ ದಾರಿ ಇರಲಿಲ್ಲ, ಅದೇ ಚೂಟ್ ಹಾಕಿಕೊಂಡು ಹೊರಟೆ. ಹತ್ತು ಹೆಜ್ಜೆ ಹೋಗಿರಬಹುದು. ಬಳೆಗೂ ಕಾಲರ್‌ಗೂ ನಡುವಿನ ಸಂದಿಯಿಂದ ಹಿಮ ಸಿಡಿಯುತ್ತಾ ಅಲ್ಲೇ ಗಟ್ಟಿಯಾಗತೊಡಗಿತು. ಚೂಟ್ ಬಿಗಿದುಕೊಂಡಿತು. ಕ್ರ್ಯಾಂಕ್ ಒತ್ತಿ ತಿರುಗಿಸಿದೆ, ಸುರುಳಿ ಹಲ್ಲಿನಿಂದ ಹಾರಿತು, ಅದುರಿ ಅದುರಿ ಚೂಟ್ ತಾನಾಗಿಯೇ ತಿರುಗಿ ನನ್ನ ಕಡೆಗೇ ಮುಖ ಮಾಡಿತು. ಎದೆಗೂ ಮುಖಕ್ಕೂ ಹಿಮ ಬಂದು ಬಡಿಯಿತು. ಲಿವರ್ ಕೈಬಿಟ್ಟೆ, ಆಗರ್ ನಿಂತಿತು. ಹಿಮದಲ್ಲಿ ಕಲ್ಲು ಇರಲಿಲ್ಲ, ನನ್ನ ಪುಣ್ಯ. ಇದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ವಯಸ್ಸಾದ ಅಜ್ಜ ಒಬ್ಬರೇ ಇದ್ದಾರೆ. ಅವರ ಮೆಟ್ಟಿಲವರೆಗೂ ಹಿಮ ತೆಗೆಯೋದು ಎಷ್ಟೋ ವರ್ಷದಿಂದ ನನ್ನ ಕೆಲಸ. ಅವತ್ತು ಅವರು ಕಿಟಕಿಯಲ್ಲಿ ನಿಂತು ಕಾಯುತ್ತಿದ್ದರು. ನಾನು ಸಲಿಕೆ ಹಿಡಿದು ಒಬ್ಬರು ನಡೆಯುವಷ್ಟು ದಾರಿ ಮಾಡುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಅವರ ಅವತ್ತಿನ ಕೆಲಸ ತಪ್ಪಿಹೋಗಿತ್ತು.

ಅವತ್ತೇ ಬರೆದೆ, ವಾಪಸ್ ತಗೊಳ್ಳಿ, ದುಡ್ಡು ಕೊಡಿ. 29ನೇ ದಿನ ಅದು. ಉತ್ತರ ಬಂದಿದ್ದು 32ನೇ ದಿನ. ‘ಗ್ರಾಹಕರು ಮಾರ್ಪಾಡು ಮಾಡಿದ ಭಾಗಗಳನ್ನು ಹಿಂಪಡೆಯಲಾಗುವುದಿಲ್ಲ. ಅಲ್ಲದೆ 30 ದಿನಗಳ ಅವಧಿ ಮುಗಿದಿದೆ.’

ಓದಿ ಕೈಕಾಲು ನಡುಗಿತು. ನಾನು ಮಾಡಿದ ಮಾರ್ಪಾಡಂತೆ! ನಿಮ್ಮ ಟೆಕ್ನಿಶಿಯನ್ ಹೇಳಿಯೇ ಕೊರೆದಿದ್ದು ಅಂತ ಬರೆದೆ. ‘ಅಂಥ ಸಲಹೆ ಕೊಟ್ಟ ದಾಖಲೆ ನಮ್ಮಲ್ಲಿ ಇಲ್ಲ.’ ಫೋನ್ ಬಂದ ದಿನ, ಹೊತ್ತು ಎಲ್ಲಾ ಕಳಿಸಿದೆ. ‘ಫೋನ್ ಮಾಡಿದ್ದು ನಿಜ, ಆದರೆ ಕೊರೆಯಲು ಹೇಳುವುದು ನಮ್ಮ ಕ್ರಮವಲ್ಲ.’ ಮತ್ತೆ ಬರೆದೆ, ಕೊನೆಗೆ ಬಂದಿದ್ದು ಇದು. ‘ಸೀರಿಯಲ್ ನಂಬರ್ ಪರಿಶೀಲಿಸಬೇಕೆಂದು ನಮ್ಮ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ.’ ಹೋಗಿ ನೋಡಿದೆ. ಹೌದು, ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ನಾನು ತಗೊಂಡಾಗ ಇರಲಿಲ್ಲ ಅಂತ ನನಗೆ ಖಾತ್ರಿ. ಆದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿಲ್ಲ. ಯಾರಿಗೆ ಏನು ತೋರಿಸಲಿ?

ಆಮೇಲೆ ಯಂತ್ರದ ಕಂಪನಿಯ ಬಿಡಿಭಾಗ ಮಾರುವವರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ ಸೀರಿಯಲ್ ನಂಬರ್. ನನ್ನ ಮಾಡೆಲ್‌ಗೆ ಎರಡು ಥರದ ಚೂಟ್ ಇವೆಯಂತೆ. ಒಂದು ಸೀರಿಯಲ್ ನಂಬರ್‌ವರೆಗೆ ಚಿಕ್ಕ ಬಳೆ, ಅಲ್ಲಿಂದ ಮುಂದಕ್ಕೆ ದೊಡ್ಡ ಬಳೆ. ಎರಡು ನಿಮಿಷದಲ್ಲಿ ನೋಡಿ ಹೇಳಿದರು. ಎರಡೇ ನಿಮಿಷ. ಅವರು ಕೊಟ್ಟ ಚೂಟ್ ಇಟ್ಟ ಕೂಡಲೇ ಕೂತಿತು. ಬಳೆಗೆ ತೆಳುವಾಗಿ ಗ್ರೀಸ್ ಹಚ್ಚಿದೆ, ಮೂರು ಕ್ಲಿಪ್ ಹಾಕಿದೆ. ನೈಲಾನ್ ಲಾಕ್ ನಟ್ ಪೂರ್ತಿ ಬಿಗಿಯಲಿಲ್ಲ, ಚೂಟ್ ಕೈಯಲ್ಲಿ ಸಲೀಸಾಗಿ ತಿರುಗುವಷ್ಟಕ್ಕೆ ನಿಲ್ಲಿಸಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಈ ಅರ್ಧ ಗಂಟೆಯ ಕೆಲಸಕ್ಕೆ ನಾನು ಒಂದು ತಿಂಗಳು ಅಲೆದಿದ್ದೇನೆ.

ನಿಮಗೆ ಹೇಳೋದು ಇಷ್ಟೇ. ಯಂತ್ರದ ಮೇಲಿನ ನಂಬರ್ ಪಟ್ಟಿಯ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ, ಉಪ್ಪು ನೀರಿಗೆ ಅಕ್ಷರ ಅಳಿಸಿಹೋಗುತ್ತದೆ. ಸೀರಿಯಲ್ ನಂಬರ್ ಕೇಳದೆ ಚೂಟ್ ಮಾರುವವರ ಹತ್ತಿರ ತಗೊಳ್ಳಬೇಡಿ. ತಗೊಳ್ಳುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಪೆಟ್ಟಿಗೆ ಬಂದ ದಿನವೇ ಬಿಚ್ಚಿ ಹಳೆಯದರ ಮೇಲೆ ಇಟ್ಟು ನೋಡಿ. ಫೋನ್‌ನಲ್ಲಿ ಏನು ಹೇಳಿದರೂ ‘ಇದನ್ನೇ ಬರೆದು ಕಳಿಸಿ’ ಅನ್ನಿ. ಕಳಿಸದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮತ್ತೆ ಹೇಳುತ್ತೇನೆ, ಡ್ರಿಲ್ ಮುಟ್ಟಬೇಡಿ.

ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ದೂರು ಕೊಟ್ಟಿದ್ದೇನೆ. ಆ ಚೂಟ್ ಗ್ಯಾರೇಜಲ್ಲೇ ಇದೆ, ಎಸೆದಿಲ್ಲ. ಕಂಪನಿಯವರ ಮೂರು ತೂತು, ಅದರ ಪಕ್ಕದಲ್ಲಿ ನಾನು ಕೊರೆದ ಮೂರು. ಬ್ಯಾಂಕ್‌ನವರು ಅದರ ಫೋಟೋ ಕೇಳಿದ್ದಾರೆ, ಟೇಪ್ ಇಟ್ಟು ತೆಗೆದು ಕಳಿಸಿದ್ದೇನೆ. ಅವರ ಉತ್ತರ ಬಂದ ಮೇಲೆ ತಿಳಿಸುತ್ತೇನೆ.