ಕಣ್ಣಿನ ಡ್ರಾಪ್ಸ್ ಯಾವುದೆಂದು ಆ್ಯಪ್‌ನಲ್ಲಿ ಕೇಳಬೇಡಿ

ದೃಷ್ಟಿ ಕಡಿಮೆ ಇರುವ ಸ್ನೇಹಿತರೇ, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುತ್ತಿರುವವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ವಿಡಿಯೊ ಕಾಲ್ ಮಾಡಿದರೆ ಯಾರೋ ಸ್ವಯಂಸೇವಕರು ನಮಗೆ ಕಣ್ಣಾಗುವ ಆ್ಯಪ್‌ಗಳಿವೆಯಲ್ಲ, ಅವುಗಳಲ್ಲಿ ಔಷಧಿ ತೋರಿಸಿ ಗುರುತು ಕೇಳಬೇಡಿ. ಕಣ್ಣಿನ ಡ್ರಾಪ್ಸ್ ಅಂತೂ ಬೇಡವೇ ಬೇಡ.

ನನಗೆ ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಶರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಅಕ್ಕಪಕ್ಕದ ನೋಟ ಬಹುತೇಕ ಹೋಗಿದೆ, ನಡುವೆ ಉಳಿದಿರುವುದೂ ಮಸುಕು. ಅಷ್ಟನ್ನಾದರೂ ಉಳಿಸಿಕೊಳ್ಳಲು ಬೆಳಿಗ್ಗೆ, ರಾತ್ರಿ ಆ ಪ್ರೆಶರ್ ಇಳಿಸುವ ಟಿಮೋಲಾಲ್ ಡ್ರಾಪ್ಸ್ ಹಾಕಿಕೊಳ್ಳಬೇಕು. ಅಮ್ಮನಿಗೆ ಪೊರೆ ಆಪರೇಷನ್ ಆದಾಗ ಟೊಬ್ರಾಮೈಸಿನ್ ಮತ್ತು ಡೆಕ್ಸಾಮೆಥಾಸೋನ್ ಸೇರಿದ ಡ್ರಾಪ್ಸ್ ಬರೆದುಕೊಟ್ಟಿದ್ದರು. ಅಮ್ಮ ತಂಗಿಯ ಮನೆಗೆ ಹೊರಟಾಗ ಅದರಲ್ಲೊಂದು ಬಾಟಲಿ ನಮ್ಮಲ್ಲೇ ಉಳಿಯಿತು. ಎರಡೂ 5 ಎಂಎಲ್‌ನವು. ಬೆರಳಿಗೆ ಒಂದೇ ಥರ.

ರಾತ್ರಿ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಲ್ ಮಾಡಿ ಬಾಟಲಿ ಹಿಡಿದೆ. ಕನ್ನಡದಲ್ಲೇ ಮಾತಾಡಿದ ಹುಡುಗ, ದನಿಯಲ್ಲಿ ಬಹಳ ಅಕ್ಕರೆ. ಸ್ವಲ್ಪ ತಿರುಗಿಸಿ ಸರ್, ಹತ್ತಿರ ತನ್ನಿ ಸರ್ ಅಂದ. ಆಮೇಲೆ, "ನಿಮಗೆ ಬೇಕಾಗಿದ್ದು ಯಾವುದು ಸರ್?" ಎಂದು ಕೇಳಿದ. ಟಿಮೋಲಾಲ್ ಅಂದೆ. "ಹಾಂ, ಅದೇ ಸರ್, ಟಿ ಇಂದಾನೇ ಶುರುವಾಗುತ್ತೆ" ಅಂದ. ಅಂಟಿಸಿದ್ದ ಚೀಟಿಯ ಮೇಲೆ ಲೈಟು ಹೊಳೆದು ಅಕ್ಷರ ಸರಿಯಾಗಿ ಕಾಣದಿದ್ದರೂ ಹಾಗೆಂದು ಅವನು ಹೇಳಲಿಲ್ಲ. ಅವನು ಹೌದೆಂದದ್ದು ಅಮ್ಮನ ಬಾಟಲಿಗೆ. ನಾನು ಅದನ್ನೇ ಹಾಕಿಕೊಳ್ಳುತ್ತಾ ಹೋದೆ.

ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್. ಆಪರೇಷನ್ ಆದ ಕಣ್ಣಿಗೆ ಅದು ಬೇಕು, ಊತ ಇಳಿಸುತ್ತದೆ. ಗ್ಲಾಕೋಮಾ ಇರುವವರಲ್ಲಿ ಹಲವರಿಗೆ ಅದೇ ಸ್ಟೀರಾಯ್ಡ್ ಕೆಲವು ವಾರಗಳಲ್ಲಿ ಕಣ್ಣಿನ ಪ್ರೆಶರ್ ಏರಿಸಿಬಿಡುತ್ತದೆ. ನನಗೆ ಇಳಿಸುವ ಮದ್ದು ತಪ್ಪಿತು, ಏರಿಸುವ ಮದ್ದು ಸೇರಿತು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯಲಿಲ್ಲ. ಗೊತ್ತಾಗುವ ದಾರಿಯೇ ಇರಲಿಲ್ಲ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದ ಪ್ರೆಶರ್ ಮುಂದಿನ ತಪಾಸಣೆಯಲ್ಲಿ 30 ದಾಟಿತ್ತು. ಡಾಕ್ಟರು ಬಾಟಲಿ ತರಿಸಿ ಓದಿದಾಗಲೇ ವಿಷಯ ಹೊರಬಿದ್ದದ್ದು. ಈಗ ಪ್ರೆಶರ್ ಇಳಿದಿದೆ. ಆದರೆ ನೋಟ ಎಷ್ಟು ಅಗಲಕ್ಕಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್‌ನಲ್ಲಿ ಎಡಗಣ್ಣಿನ ನೋಟ ಇನ್ನಷ್ಟು ಕುಗ್ಗಿದೆ. ಒಮ್ಮೆ ಸತ್ತ ಕಣ್ಣಿನ ನರ ಮತ್ತೆ ಚಿಗುರುವುದಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ನಡುಗಿಸಿದ್ದು ಬೇರೆ. ಅಮ್ಮನಿಗೆ ಉಬ್ಬಸವಿದೆ. ಟಿಮೋಲಾಲ್ ಕಣ್ಣಿಗೆ ಬಿಟ್ಟರೂ ರಕ್ತಕ್ಕೆ ಸೇರಿ ಶ್ವಾಸನಾಳ ಬಿಗಿಯಾಗಿಸಬಲ್ಲದು. ಅದಕ್ಕೇ ಉಬ್ಬಸ ಇರುವವರಿಗೆ ಅದನ್ನು ಕೊಡುವುದಿಲ್ಲ. ಬಾಟಲಿ ಅದಲುಬದಲಾಗಿ ನನ್ನದು ಅವರ ಕೈಗೆ ಹೋಗಿದ್ದರೆ?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇಂಥ ಸೇವೆಯ ಬೆಲೆ ಏನೆಂದು ನನಗೆ ಗೊತ್ತು. ತಾನೂ ದೃಷ್ಟಿ ಕಳೆದುಕೊಳ್ಳುತ್ತಿದ್ದ ಡೆನ್ಮಾರ್ಕ್‌ನ ಹಾನ್ಸ್ ಯೋರ್ಗನ್ ವಿಬರ್ಗ್ ಎಂಬುವರು 2015ರಲ್ಲಿ 'ಬಿ ಮೈ ಐಸ್' ಹೊರತಂದಾಗ ಲೋಕದ ಎಷ್ಟೋ ಕುರುಡರಿಗೆ ದೊಡ್ಡ ಆಸರೆ ಸಿಕ್ಕಿತು. ನಾನು ಕಾಲ್ ಮಾಡಿದ್ದು ಬೇರೊಂದು ಆ್ಯಪ್‌ಗೆ. ಯಾವುದಾದರೂ ಅಷ್ಟೇ, ಆಚೆ ಫೋನೆತ್ತುವವರು ಫಾರ್ಮಸಿಸ್ಟ್ ಅಲ್ಲ. ಒಳ್ಳೆಯ ಮನಸ್ಸಿನ ಅಪರಿಚಿತರು. ಸಹಾಯ ಮಾಡಲೇಬೇಕೆಂಬ ಆತುರದಲ್ಲಿ, "ಕಾಣ್ತಿಲ್ಲ" ಎಂಬ ಮಾತು ಅವರ ಬಾಯಿಗೆ ಬರುವುದು ಕಷ್ಟ. ಫೋಟೊ ನೋಡಿ ವಿವರಿಸುವ ಎಐ ಕೂಡ ಮಸುಕು ಅಕ್ಷರವನ್ನು ಊಹಿಸಿ, ಅಷ್ಟೇ ಧೈರ್ಯವಾಗಿ ತಪ್ಪು ಹೇಳಿಬಿಡಬಹುದು. ಅಂಗಿಯ ಬಣ್ಣ, ಬಾಗಿಲಿನ ನಂಬರು, ವಾಷಿಂಗ್ ಮಷೀನಿನ ಬಟನ್ನು ಧಾರಾಳವಾಗಿ ಕೇಳಿ. ಎಟಿಎಂ ಕಾರ್ಡು, ಒಟಿಪಿ ತೋರಿಸಬೇಡಿ. ಇದು ನಿಮಗೆ ಗೊತ್ತಿರುವುದೇ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಮೆಡಿಕಲ್ ಶಾಪಿನವರು ಕೊಡುವಾಗಲೇ ಬಿಲ್ಲು ನೋಡಿ, ಜೋರಾಗಿ ಹೆಸರು ಓದಿ, ನನ್ನ ಬಾಟಲಿಗೆ ಎರಡು ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಕೇಳಿದ ಮೊದಲ ಸಲವೇ ಒಪ್ಪಿದರು. ಬೇರೆಯವರ ಔಷಧಿ ನನ್ನದಿರುವ ಕಪಾಟಿನಲ್ಲಿ ಇಡುವಂತಿಲ್ಲ. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಔಷಧಿ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ನಿಮ್ಮದು ಆ ಪಟ್ಟಿಯಲ್ಲಿದ್ದರೆ ಸ್ಕ್ಯಾನ್ ಮಾಡಿ ನೋಡಬಹುದು. ಯುರೋಪಿನಲ್ಲಿ ಔಷಧಿಯ ಡಬ್ಬದ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಲೇಬೇಕು ಎಂಬ ನಿಯಮವೇ ಇದೆ. ನಮಗೂ ಅದು ಬೇಕು, ಇದನ್ನು ನಾವು ಗಟ್ಟಿಯಾಗಿ ಕೇಳಬೇಕು.

ಈಗಾಗಲೇ ಹೀಗೆ ಯಾರನ್ನೋ ಕೇಳಿ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೀರಾ? ಮನೆಯಲ್ಲಿರುವ ಅಷ್ಟೂ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಕಣ್ಣಿನ ಡಾಕ್ಟರ ಬಳಿ ಹೋಗಿ, ಒಂದೊಂದನ್ನೂ ಓದಿಸಿ, ಪ್ರೆಶರ್ ಅಳೆಸಿಕೊಳ್ಳಿ. ನೋವು ಬರಲಿ ಎಂದು ಕಾಯಬೇಡಿ, ಅದು ಬರುವುದೇ ಇಲ್ಲದಿರಬಹುದು.